ರಂಗಸ್ವಾಮಿಯ ಅಳತೆಯ ಕೋಲು

ಹಾಸನದಿಂದ ಗೊರೂರಿನ ಕಡೆಗೆ ಹೋಗುವ ರಸ್ತೆಯಲ್ಲಿ, ಹಿನ್ನೀರು ಕಣ್ಣಿಗೆ ಬೀಳುವ ಒಂದು ಏರಿನ ಮೇಲೆ, ಒಂಬತ್ತು ಕುಳಿಗಳ ಗಾಲ್ಫ್ ಮೈದಾನವಿದೆ. ಅದರ ಬೇಲಿಗೆ ಆತುಕೊಂಡ ಹಾಗೆ, ಆದರೆ ಬೇಲಿಯ ಹೊರಗೆ, ಶಾಂತಿಯ ಶೆಡ್ಡು. ಮುಂದೆ ಚೆಂಡು ಹೊಡೆದು ಅಭ್ಯಾಸ ಮಾಡಲು ಬಿಟ್ಟ ಉದ್ದನೆಯ ಜಾಗ. ಒಳಗೆ ಕೋಲಿನ ತಲೆಯನ್ನು ಕಚ್ಚಿ ಹಿಡಿಯುವ ಕಬ್ಬಿಣದ ಇಕ್ಕಳ, ಕೋನ ಅಳೆಯುವ ಯಂತ್ರ, ಗೋಡೆಗೆ ಒರಗಿಸಿಟ್ಟ ಬಗೆಬಗೆಯ ಕೋಲುಗಳು. ಬಾಗಿಲ ಮೇಲೆ ಒಂದು ಬೋರ್ಡು: ‘ಗಾಲ್ಫ್ ತರಬೇತಿ. ನಿಮ್ಮ ಮೈಯಳತೆಗೆ ಕೋಲು ಹೊಂದಿಸಿ ಕೊಡಲಾಗುವುದು.’ ದಾರಿಯಲ್ಲಿ ಹೋಗುವವರು ‘ಮೈಯಳತೆ’ ಎನ್ನುವುದನ್ನಷ್ಟೇ ಓದಿ, ರವಿಕೆ ಹೊಲಿಯುವ ಅಂಗಡಿ ಇರಬೇಕೆಂದು ಇಣುಕಿ ನೋಡಿ ಹೋಗುವುದೂ ಇತ್ತು.

ಶಾಂತಿ ಹೊಳೆನರಸೀಪುರ ತಾಲ್ಲೂಕಿನ ಹಳ್ಳಿಮೈಸೂರಿನವಳು. ಓಟದಲ್ಲಿ ಚುರುಕಾಗಿದ್ದಳೆಂದು ಶಾಲೆಯವರು ಹಾಸನದ ಕ್ರೀಡಾ ಹಾಸ್ಟೆಲಿಗೆ ಕಳಿಸಿದ್ದರು. ಅಲ್ಲಿ ಹಾಕಿ ಆಡಿದಳು. ಮೊಣಕಾಲು ಕೈಕೊಟ್ಟ ಮೇಲೆ ಬೆಂಗಳೂರಿನ ಗಾಲ್ಫ್ ಅಕಾಡೆಮಿಯೊಂದರಲ್ಲಿ ಮಕ್ಕಳಿಗೆ ಕಸರತ್ತು ಮಾಡಿಸುವ ಕೆಲಸ ಸಿಕ್ಕಿತು. ಹಾಕಿ ಹಿಡಿದ ಕೈಗೆ ಗಾಲ್ಫ್ ಕೋಲು ಒಗ್ಗಲು ಬಹಳ ದಿನ ಬೇಕಾಗಲಿಲ್ಲ. ಪರೀಕ್ಷೆ ಬರೆದು ಕೋಚ್ ಆದಳು. ಕೋಲು ಹೊಂದಿಸುವ ವರ್ಕ್‌ಶಾಪಿನಲ್ಲಿ ಕೂತು ಆ ಕೆಲಸವನ್ನೂ ಕಲಿತಳು. ಬೇರೆಯವರ ಹೆಸರಿನ ಕೆಳಗೆ ವರ್ಷಗಟ್ಟಲೆ ಕಲಿಸಿ ಬೇಸರವಾಗಿದ್ದ ಹೊತ್ತಿಗೆ ಹಾಸನದಲ್ಲಿ ಮೈದಾನವಾಗಿದೆ ಎಂಬ ಸುದ್ದಿ ಕಿವಿಗೆ ಬಿದ್ದದ್ದೇ ಗಂಟುಮೂಟೆ ಕಟ್ಟಿಕೊಂಡು ಬಂದುಬಿಟ್ಟಳು.

ಬಂದ ಮೇಲೆ ಗೊತ್ತಾಯಿತು, ಕ್ಲಬ್ಬಿನವರಿಗೆ ಆಗಲೇ ಒಬ್ಬ ಕೋಚ್ ಇದ್ದ. ಭಾನುವಾರ ಬೆಂಗಳೂರಿನಿಂದ ಕಾರಿನಲ್ಲಿ ಬಂದು ಹೋಗುವವನು. ಶಾಂತಿಯ ಹತ್ತಿರ ಬರುತ್ತಿದ್ದವರು ಡಾಕ್ಟರುಗಳ ಮಕ್ಕಳು, ರಜೆಯಲ್ಲಿ ಹೊತ್ತು ಹೋಗದ ಕಾಲೇಜು ಹುಡುಗಿಯರು. ಅವರೂ ರಜೆ ಮುಗಿದ ಮೇಲೆ ಬರುತ್ತಿರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ರಂಗಸ್ವಾಮಿ ಬಂದರು. ಐವತ್ತು ದಾಟಿದ ಎತ್ತರದ ಆಳು, ಇಸ್ತ್ರಿ ಮಾಡಿದ ಬಿಳಿ ಶರಟು. ಹಾಸನದಲ್ಲಿ ಬಿತ್ತನೆ ಆಲೂಗಡ್ಡೆಯ ವ್ಯಾಪಾರ, ಊರಾಚೆ ಸ್ವಂತದ ಕೋಲ್ಡ್ ಸ್ಟೋರೇಜು. ಮಗುವಾಗಿದ್ದಾಗ ಬಂದ ಪೋಲಿಯೋ ಅವರ ಎಡಗಾಲನ್ನು ಬಲಗಾಲಿಗಿಂತ ಗಿಡ್ಡ ಮಾಡಿ ಹೋಗಿತ್ತು. ಹೆಜ್ಜೆ ಇಟ್ಟರೆ ಮೈಯೆಲ್ಲ ಎಡಕ್ಕೆ ಇಳಿದು ಏಳುತ್ತಿತ್ತು.

“ಇಲ್ಲಿ ಕಲುಸ್ಕೊಡೋರು ಯಾರು?” ಎಂದರು.

“ನಾನೇ ಸರ್.”

ಅವರು ಅವಳನ್ನು ನೋಡಿದರು, ಯಂತ್ರವನ್ನು ನೋಡಿದರು. “ಯಾವೂರಮ್ಮ ನಿಂದು?”

“ಹಳ್ಳಿಮೈಸೂರು.”

“ನಮ್ಮೂರೇ ಆಯ್ತಲ್ಲ. ಯಾರ ಮಗಳು?”

ಅವರು ಯಾರೆಂದು ಶಾಂತಿಗೆ ಕಾರಿನಿಂದ ಇಳಿದಾಗಲೇ ಗೊತ್ತಾಗಿತ್ತು. ಊರಿನ ಅರ್ಧ ಗದ್ದೆ ಅವರ ಮನೆತನದ್ದು. “ದ್ಯಾವಯ್ಯನ ಮಗಳು ಸರ್. ನಿಮ್ಮ ಗದ್ದೇಲಿ ಆಳಾಗಿದ್ರಲ್ಲ, ಆ ದ್ಯಾವಯ್ಯ.”

ರಂಗಸ್ವಾಮಿ “ಓ” ಎಂದರು. ಗೋಡೆಗೆ ಒರಗಿದ್ದ ಕೋಲೊಂದನ್ನು ಬೆರಳಿನಿಂದ ಮುಟ್ಟಿ, “ಬತ್ತೀನಮ್ಮ” ಎಂದು ಹೊರಟುಹೋದರು.

ಆ ಭಾನುವಾರ ಊರಿಗೆ ಹೋದಾಗ ಶಾಂತಿ ಇದನ್ನು ಹೇಳಿದಳು. ತಾಯಿ ದೊಡ್ಡಮ್ಮ ಮೊರದಲ್ಲಿದ್ದ ಹುರುಳಿಯಿಂದ ತಲೆ ಎತ್ತಲಿಲ್ಲ. “ಅವ್ರ್ ಅಟ್ಟಿ ಜಗಲಿ ಮ್ಯಾಲೆ ನಾವ್ಯಾರೂ ಕುಂತೋರಲ್ಲ. ನಿನ್ ತಾವ್ ಬಂದು ಕಲ್ತಾರಾ ಅವ್ರು? ಸುಮ್ಕಿರು.”

ತಂದೆ ದ್ಯಾವಯ್ಯ ಗೋಡೆಯ ಮೇಲಿನ ಬುದ್ಧನ ಪಟಕ್ಕೆ ದೀಪ ಹಚ್ಚಿ ಬಂದು ಕೂತಿದ್ದ. ಕೂಲಿ ಬಿಟ್ಟು ಎಷ್ಟೋ ಕಾಲವಾಗಿತ್ತು. ಈಗ ತನ್ನದೇ ತುಂಡು ಹೊಲದಲ್ಲಿ ಆಲೂಗಡ್ಡೆ ಹಾಕುತ್ತಿದ್ದ. “ಬಂದ್ರೆ ಬತ್ತಾರೆ, ಬರ್ದಿದ್ರೆ ಇಲ್ಲ. ನಿನ್ ಬಾಗ್ಲು ತೆಗ್ದಿರ್ಲಿ ಅಷ್ಟೇಯ” ಎಂದ.

ಒಂದು ವಾರ ಬಿಟ್ಟು ರಂಗಸ್ವಾಮಿ ಮತ್ತೆ ಬಂದರು. ಈ ಸಲ ಜೊತೆಗೆ ತಮ್ಮನ ಮಗ ಅರುಣ್‌ಕುಮಾರನ ಹಳೆಯ ಗಾಲ್ಫ್ ಚೀಲವಿತ್ತು. ಚೀಲವನ್ನು ಕೆಳಗಿಟ್ಟು, ಯಾರೋ ಕೇಳಿದ ಪ್ರಶ್ನೆಗೆ ಉತ್ತರ ಕೊಡುವವರ ಹಾಗೆ ಮಾತು ಶುರು ಮಾಡಿದರು.

“ಕ್ಲಬ್ಬಿಗೆ ಸೇರಿ ಎಲ್ಡ್ ವರ್ಷ ಆಯ್ತು. ಒಂದ್ ಚೆಂಡು ಒಡ್ದಿಲ್ಲ. ಕಾಪಿ ಕುಡೀತೀನಿ, ಅವ್ರು ಆಡಾದ್ ನೋಡ್ತೀನಿ, ಮನೆಗ್ ಓಯ್ತೀನಿ. ಇಸ್ಕೂಲಲ್ಲೂ ಅಂಗೇಯ. ಕಬಡ್ಡಿ ಆದ್ರೆ ಪಾಯಿಂಟ್ ಬರೆಯಾನು ನಾನು, ಕ್ರಿಕೆಟ್ ಆದ್ರೆ ಅಂಪೈರ್ ನಾನು. ಮೊನ್ನೆ ನಮ್ ಕ್ಯಾಪ್ಟನ್ ಹರ್ಷವರ್ಧನ್ ಏನಂದ ಗೊತ್ತಾ? ‘ರಂಗಣ್ಣ, ಈ ಸಲದ ಕಪ್ಪಿಗೆ ಸ್ಕೋರ್ ಬೋರ್ಡು ನಿಮ್ಮ ಜವಾಬ್ದಾರಿ’ ಅಂದ. ಪ್ರೀತಿಯಿಂದ್ಲೇ ಅಂದ, ಪಾಪ. ಅವತ್ತು ನಂಗೆ ಕಾಪಿ ಗಂಟ್ಲಲ್ಲಿ ಇಳೀಲಿಲ್ಲ.”

“ಭಾನುವಾರದ ಕೋಚ್ ಹತ್ತಿರ ಕೇಳಿದ್ರಾ?”

“ಕೇಳ್ದೆ. ಕಾಲ್ ನೋಡ್ದ. ನಿಮ್ಗೆ ಪಟ್ಟಿಂಗ್ ಸಾಕು, ಅಂಕಲ್ ಅಂದ.” ಹತ್ತಿರದಿಂದ ಕುಳಿಗೆ ಮೆಲ್ಲಗೆ ಉರುಳಿಸುವ ಹೊಡೆತ ಅದು. ಮಕ್ಕಳೂ ಮಾಡುತ್ತಾರೆ.

ಶಾಂತಿ ಒಂದು ಕೋಲನ್ನು ಅವರ ಕೈಗೆ ಕೊಟ್ಟಳು. ಅವರು ಗುದ್ದಲಿ ಹಿಡಿದ ಹಾಗೆ ಹಿಡಿದರು. ಎಡಗೈ ಬೆರಳುಗಳನ್ನು ಹೇಗೆ ಸುತ್ತಬೇಕು, ಬಲಗೈ ಕಿರುಬೆರಳು ಎಲ್ಲಿ ಕೂರಬೇಕು ಎಂದು ಬಾಯಲ್ಲಿ ಹೇಳಿದಳು. ಆಗಲಿಲ್ಲ. ಮತ್ತೆ ಹೇಳಿದಳು. ಬೇರೆ ಯಾವ ಶಿಷ್ಯನಾಗಿದ್ದರೂ ಇಷ್ಟು ಹೊತ್ತಿಗೆ ಅವಳು ಕೈ ಹಿಡಿದು ಬೆರಳು ಕೂರಿಸಿಬಿಡುತ್ತಿದ್ದಳು. ಇಂದು ಅವಳ ಕೈ ಮುಂದೆ ಹೋಗಿ ಅರ್ಧದಲ್ಲೇ ನಿಂತಿತು. ಯಾಕೆ ನಿಂತಿತೆಂದು ಇಬ್ಬರಿಗೂ ಗೊತ್ತಿತ್ತು.

ರಂಗಸ್ವಾಮಿ ಆ ನಿಂತ ಕೈಯನ್ನೇ ನೋಡಿದರು. ಕಿವಿ ಕೆಂಪಾಯಿತು. “ಹಿಡ್ದು ತೋರ್ಸಮ್ಮ” ಎಂದರು ಮೆಲ್ಲಗೆ. “ದೂರ ನಿಂತು ಏಳುದ್ರೆ ನಂಗೆಂಗೆ ತಿಳೀತದೆ?”

ಅವಳು ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಕೋಲಿಗೆ ಸುತ್ತಿ, ಮೇಲೆ ತನ್ನ ಕೈಯಿಟ್ಟು ಒತ್ತಿದಳು. ಆಲೂಗಡ್ಡೆ ಮೂಟೆ ಹೊರುವವರ ಅಂಗೈಯಂತೆ ಒರಟಾಗಿತ್ತು ಆ ಅಂಗೈ. ಪಾಠ ಶುರುವಾದದ್ದು ಹಾಗೆ.

ಶುರುವೇನೋ ಆಯಿತು, ಸಾಗಲಿಲ್ಲ. ಶಾಂತಿ ತನಗೆ ಹೇಗೆ ಕಲಿಸಿದ್ದರೋ ಹಾಗೆಯೇ ಕಲಿಸಿದಳು. ಎರಡು ಕಾಲಿನ ಮೇಲೂ ಭಾರ ಸಮನಾಗಿರಬೇಕು, ಸೊಂಟ ನೇರವಾಗಿರಬೇಕು, ಭುಜ ಒಂದೇ ಮಟ್ಟದಲ್ಲಿರಬೇಕು. ಎಡಗಾಲಿಗೆ ಅಟ್ಟೆ ಎತ್ತರಿಸಿದ ಬೂಟು ಮಾಡಿಸಿದ್ದೂ ಆಯಿತು. ಬೂಟು ಹಾಕಿದರೆ ರಂಗಸ್ವಾಮಿ ನೆಟ್ಟಗೆ ನಿಲ್ಲುತ್ತಿದ್ದರು, ನಿಜ. ಆದರೆ ಬೀಸಿದರೆ ತುಕ್ಕು ಹಿಡಿದ ಗೇಟು ತೆಗೆದ ಹಾಗಿರುತ್ತಿತ್ತು. ಅರ್ಧ ಬೀಸಿನಲ್ಲಿ ಮೈ ಮರೆತು ಅಭ್ಯಾಸಬಲದಿಂದ ಎಡಕ್ಕೆ ಇಳಿಯುತ್ತಿತ್ತು, ಬೂಟು ತಡೆಯುತ್ತಿತ್ತು. ಕೋಲಿನ ತಲೆ ದಂಡಕ್ಕೆ ಸೇರುವ ಬದಿಯಿಂದ, ಗಾಲ್ಫಿನವರು ಹಿಮ್ಮಡಿ ಎನ್ನುವ ಕಡೆಯಿಂದ, ನೆಲಕ್ಕೆ ಗುದ್ದಿ, ತುದಿ ಆಕಾಶ ನೋಡಿ, ಚೆಂಡು ಪ್ರತಿ ಸಲವೂ ಎಡಗಡೆಯ ಮುಳ್ಳುಬೇಲಿಯನ್ನೇ ಹುಡುಕಿಕೊಂಡು ಹೋಗುತ್ತಿತ್ತು.

ಬೇಸಿಗೆ ಬಂತು. ರಂಗಸ್ವಾಮಿ ವಾರಕ್ಕೊಮ್ಮೆ ತಪ್ಪಿಸಿಕೊಳ್ಳತೊಡಗಿದರು. ಆಮೇಲೆ ಎರಡು ಸಲ. “ಬಿತ್ನೆ ಟೈಮು, ಲೋಡ್ ಜಾಸ್ತಿ” ಎಂದು ಫೋನಿನಲ್ಲಿ ಹೇಳುತ್ತಿದ್ದರು. ಸ್ವರದಲ್ಲಿ ಲೋಡಿಗಿಂತ ಬೇರೆಯದೇ ಭಾರವಿರುವುದು ಶಾಂತಿಗೆ ಕೇಳಿಸುತ್ತಿತ್ತು. ಭಾನುವಾರದ ಕೋಚ್ ಹೇಳಿದ್ದೇ ಸರಿಯೇನೋ ಎಂದು ಒಂದು ಸಂಜೆ ಅವಳಿಗೂ ಅನ್ನಿಸಿತು. ಅನ್ನಿಸಿದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು.

ಮೊದಲ ಮಳೆ ಬಿದ್ದು ನೆಲ ಹದವಾದಾಗ ದ್ಯಾವಯ್ಯ ಬಿತ್ತನೆ ಗಡ್ಡೆ ತರಲು ಹಾಸನಕ್ಕೆ ಬಂದ. ಶಾಂತಿ ಅಪ್ಪನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ರಂಗಸ್ವಾಮಿಯ ಕೋಲ್ಡ್ ಸ್ಟೋರೇಜಿಗೇ ಹೋದಳು. ಅಂಗಳದಲ್ಲಿ ಲಾರಿಗಳು, ಮನುಷ್ಯನೆತ್ತರ ದಾಟಿ ಪೇರಿಸಿದ ಮೂಟೆಗಳು. ಹಮಾಲರು ಇಬ್ಬರು ಬಂದಿರಲಿಲ್ಲವೋ ಏನೋ, ರಂಗಸ್ವಾಮಿಯೇ ಬಿಳಿ ಶರಟಿನ ತೋಳು ಮಡಿಚಿ, ಕಾಲಿಗೆ ಸಾದಾ ಚಪ್ಪಲಿ ಹಾಕಿ ಮೂಟೆಗಳ ನಡುವೆ ನಿಂತಿದ್ದರು. ಕೈಯಲ್ಲಿ ಉದ್ದ ಹಿಡಿಯ ಕೊಕ್ಕೆ. ಕೊಕ್ಕೆಯನ್ನು ಬಲಭುಜದ ಮೇಲಿಂದ ಬೀಸಿ ಮೇಲಿನ ಮೂಟೆಗೆ ಸಿಕ್ಕಿಸುವರು. ಎಡಗಾಲು ಕುಸಿಯುವುದು, ಅದರ ಜೊತೆಗೆ ಇಡೀ ಮೈ ಇಳಿಯುವುದು, ಇಳಿದ ರಭಸದಲ್ಲೇ ಮೂಟೆ ಜಾರಿ ಬಂದು ಲಾರಿಯ ಹಲಗೆಯ ಮೇಲೆ ಬೇಕಾದ ಜಾಗದಲ್ಲಿ ಕೂರುವುದು. ಮತ್ತೆ ಮೈ ಏಳುವುದು, ಕೊಕ್ಕೆ ಮೇಲೇರುವುದು. ಎಲ್ಲಿಯೂ ಬಿಗಿಯಿಲ್ಲ, ತಡೆಯಿಲ್ಲ. ತೊಟ್ಟಿಲು ತೂಗಿದ ಹಾಗಿತ್ತು.

ಶಾಂತಿ ಗೇಟಿನ ಹತ್ತಿರವೇ ನಿಂತುಬಿಟ್ಟಳು.

“ಏನವ್ವ ನೋಡ್ತಾ ನಿಂತ್ಬುಟ್ಟೆ?” ಎಂದ ದ್ಯಾವಯ್ಯ.

“ಅವ್ರ ಬೀಸು ನೋಡ್ತಿದೀನಿ ಅಪ್ಪ.”

“ಅದಾ? ಚಿಕ್ಕುಡುಗನಾಗಿದ್ದಾಗ್ಲಿಂದ್ಲೂ ಅಂಗೇಯ. ಜೋಳದ ವಲದ ಬದೀಲಿ ನಿಂತ್ಕಂಡು ಕವಣೆ ಬೀಸೋನು. ಒಂದ್ ಗಿಣಿನೂ ತೆನೆ ಮ್ಯಾಲೆ ಕೂರಕ್ ಬುಡ್ತಿರ್ಲಿಲ್ಲ.”

ಶಾಂತಿಯ ತಲೆಯಲ್ಲಿ ಒಂದೇ ಮಾತು ಓಡುತ್ತಿತ್ತು. ಇಷ್ಟು ದಿನವೂ ತಾನು ಮಾಡಿದ್ದೇನು? ಕೋಲಿಗೆ ತಕ್ಕ ಹಾಗೆ ಮನುಷ್ಯನನ್ನು ಬಗ್ಗಿಸಲು ಹೋದದ್ದು. ಬೀಸು ಅವರಲ್ಲಿ ಆಗಲೇ ಇತ್ತು, ಬಹುಶಃ ಕ್ಲಬ್ಬಿನ ಯಾರಿಗೂ ಇಲ್ಲದಂಥ ಬೀಸು. ಅದನ್ನೇ ತಾನು ದಿನಾ ತಿದ್ದಿ ತಿದ್ದಿ ಕೆಡಿಸುತ್ತಿದ್ದದ್ದು.

ಗಡ್ಡೆಯ ಮೂಟೆ ಸ್ಕೂಟರಿಗೆ ಕಟ್ಟಿದ ಮೇಲೆ ಅವಳು ರಂಗಸ್ವಾಮಿಯ ಹತ್ತಿರ ಹೋದಳು. “ನಾಳೆ ಬೆಳಿಗ್ಗೆ ಬರ್ಬೇಕು ನೀವು. ಬೂಟು ಬೇಡ. ಈ ಚಪ್ಪಲೀಲೇ ಬನ್ನಿ.”

“ಚಪ್ಲೀಲಾ?”

“ಹೌದು. ಲೋಡ್ ಇದೆ ಅನ್ನೋ ಹಾಗಿಲ್ಲ. ನಾನೇ ನೋಡಿದೀನಿ, ಇನ್ನು ಎರಡೇ ಲಾರಿ.”

ಮರುದಿನ ಶೆಡ್ಡಿನಲ್ಲಿ ಅವರಿಗೆ ಕೋಲು ಕೊಟ್ಟು, “ಮೂಟೆ ಎಳೆಯೋ ಹಾಗೆ ನಿಂತ್ಕೊಳ್ಳಿ. ಹಾಗೇ ಬೀಸಿ. ಚೆಂಡು ಎಲ್ಲಾದರೂ ಹೋಗಲಿ” ಎಂದಳು. ಕೋಲಿನ ತಲೆಯ ತಳಕ್ಕೆ ಟೇಪು ಅಂಟಿಸಿ, ಕೆಳಗೆ ಹಲಗೆಯಿಟ್ಟಿದ್ದಳು. ನೆಲಕ್ಕೆ ತಾಗಿದ ಕಡೆ ಟೇಪಿನ ಮೇಲೆ ಗೀರು ಬೀಳುತ್ತದೆ. ಸರಿಯಾದ ಕೋಲಾದರೆ ಗೀರು ನಡುವೆ ಇರಬೇಕು. ರಂಗಸ್ವಾಮಿಯದು ಪೂರ್ತಿ ಹಿಮ್ಮಡಿಯ ಅಂಚಿನಲ್ಲಿತ್ತು.

“ನೋಡಿ. ನಿಮ್ಮ ಮೈ ಇಳಿದಾಗ ಕೈಯೂ ಇಳಿಯುತ್ತೆ. ಕೈ ಇಳಿದರೆ ಈ ಕೋಲಿನ ತುದಿ ಮೇಲೇಳುತ್ತೆ, ಚೆಂಡು ಎಡಕ್ಕೆ ಹೋಗುತ್ತೆ. ತಪ್ಪು ನಿಮ್ಮ ಕಾಲಿಂದಲ್ಲ. ಈ ಕೋಲು ಅರುಣ್‌ಕುಮಾರ್ ಅವರ ಅಳತೇದು.”

“ಅಂಗಾದ್ರೆ ಕೋಲನ್ನೇ ಬಗ್ಗುಸ್ಬೋದಾ?”

“ಬಾಗಿಲ ಮೇಲೆ ಮತ್ತೇನು ಬರೆಸಿದ್ದೀನಿ?”

ಮಣಿಕಟ್ಟಿನಿಂದ ನೆಲಕ್ಕೆ ಎಷ್ಟು ದೂರ ಎಂದು ಅಳೆದಳು, ನಿಂತಾಗ ಒಮ್ಮೆ, ಇಳಿದಾಗ ಒಮ್ಮೆ. ಅಂಗೈ ಅಗಲ ಅಳೆದಳು. ಹಳೆಯ ಕೋಲುಗಳನ್ನು ಬದಿಗಿಟ್ಟು, ಬಾಗಿಸಿದರೆ ಮುರಿಯದ ಮೆತ್ತನೆಯ ಉಕ್ಕಿನ ತಲೆಗಳನ್ನು ತರಿಸಿದಳು. ತಲೆಯನ್ನು ಇಕ್ಕಳಕ್ಕೆ ಕಚ್ಚಿಸಿ, ಅದರ ಕುತ್ತಿಗೆಗೆ ಸನ್ನೆಕೋಲು ಹಾಕಿ, ಹಲ್ಲು ಕಚ್ಚಿ ಭಾರ ಬಿಟ್ಟು ಬಾಗಿಸುವುದು, ಅಳೆಯುವುದು, ಅವರ ಕೈಗೆ ಕೊಟ್ಟು ಹೊಡೆಸುವುದು, ಗೀರು ನೋಡುವುದು, ಮತ್ತೆ ಕೂದಲೆಳೆಯಷ್ಟು ಬಾಗಿಸುವುದು. ದಂಡವನ್ನು ಸ್ವಲ್ಪ ಕತ್ತರಿಸಿದಳು. ಅವರ ದೊಡ್ಡ ಅಂಗೈಗೆ ದಪ್ಪನೆಯ ಹಿಡಿ ಹಾಕಿದಳು. ಒಂದು ವಾರ ಬೇರೆ ಕೆಲಸವೇ ಮುಟ್ಟಲಿಲ್ಲ. ಪೂರ್ತಿಯಾದಾಗ ಆ ಕೋಲುಗಳು ನೋಡಲು ವಿಚಿತ್ರವಾಗಿದ್ದವು. ಮಾಮೂಲಿ ಕೋಲಿನ ಪಕ್ಕದಲ್ಲಿಟ್ಟರೆ ತಲೆಗಳು ನೆಲಕ್ಕೆ ಒರಗಿ ಮಲಗಿದ ಹಾಗೆ ಕಾಣುತ್ತಿದ್ದವು.

ರಂಗಸ್ವಾಮಿ ಚೆಂಡಿನ ಮುಂದೆ ನಿಂತರು. ಬೀಸಿದರು. ಎಡಗಾಲು ಕುಸಿಯಿತು, ಮೈ ಇಳಿಯಿತು, ಕೋಲಿನ ತಲೆ ಹುಲ್ಲನ್ನು ಸವರಿಕೊಂಡು ಹೋಯಿತು. ಟಪ್ ಎಂದು ಒಂದು ಶುದ್ಧವಾದ ಶಬ್ದ. ಚೆಂಡು ಎದುರಿಗೆ, ನೆಟ್ಟಗೆ, ದೂರದ ಗುರಿಹಲಗೆಯ ಮೇಲೆ ಹಾದು ಹೋಯಿತು.

ಅವರು ಕೋಲನ್ನು ಇಳಿಸದೆ ನಿಂತಿದ್ದರು. ಮತ್ತೊಂದು ಚೆಂಡು ಇಟ್ಟುಕೊಂಡರು. ಅದೂ ಅಲ್ಲಿಗೇ ಹೋಯಿತು. ಬುಟ್ಟಿ ಬರಿದಾಗುವ ತನಕ ಹೊಡೆದರು. ಆಮೇಲೆ ರಂಗಸ್ವಾಮಿ ಕರ್ಚೀಫಿನಿಂದ ಮುಖವೆಲ್ಲ ಒರೆಸಿಕೊಂಡು, ಕಣ್ಣನ್ನು ಬಹಳ ಹೊತ್ತು ಒರೆಸಿಕೊಂಡು, ಅವಳ ಕಡೆ ತಿರುಗಿದರು.

“ಮೇಷ್ಟ್ರೇ, ಇನ್ನೊಂದ್ ಬುಟ್ಟಿ ಕೊಡ್ತೀರಾ?”

ಆವತ್ತಿನಿಂದ ಅವರು ಅವಳನ್ನು ಏಕವಚನದಲ್ಲಿ ಕರೆಯಲಿಲ್ಲ.

ಮಳೆಗಾಲವಿಡೀ ಕೊಡೆ ಹಿಡಿದು ಕಲಿಸಿದ್ದಾಯಿತು. ಹೊಡೆಯುವುದು ಬಂದ ಮೇಲೆ ಆಡುವುದನ್ನು ಕಲಿಸಬೇಕಿತ್ತು: ಗಾಳಿ ಎತ್ತ ಬೀಸುತ್ತದೆ, ಎಲ್ಲಿ ಧೈರ್ಯ ಮಾಡಬೇಕು, ಎಲ್ಲಿ ಬಾಯಿ ಮುಚ್ಚಿಕೊಂಡು ಪಕ್ಕದಿಂದ ಹೋಗಬೇಕು. ಶಾಂತಿಗೆ ಮೈದಾನದ ಒಳಗೆ ಹೋಗಲು ಅನುಮತಿ ಇರಲಿಲ್ಲ. ಅದು ಸದಸ್ಯರಿಗೆ ಮಾತ್ರ. ಬೇಲಿಯಾಚೆಯಿಂದ ನೋಡಿ ನೋಡಿಯೇ ಅವಳಿಗೆ ಪ್ರತಿ ಕುಳಿಯ ಏರುತಗ್ಗು ಬಾಯಿಪಾಠವಾಗಿತ್ತು. ಬೇಲಿಯ ಈಚೆ ನಿಂತು ಅವಳು ಹೇಳುವುದು, ಆಚೆ ನಿಂತು ರಂಗಸ್ವಾಮಿ ತಲೆಯಾಡಿಸುವುದು. ಹುಲ್ಲು ಕತ್ತರಿಸುವವರು ಇದನ್ನು ನೋಡಿ ನಗುತ್ತಿದ್ದರು. ಅಕ್ಟೋಬರಿನ ಹೊತ್ತಿಗೆ ನಗು ನಿಂತಿತು.

ಡಿಸೆಂಬರಿನಲ್ಲಿ ಕ್ಲಬ್ಬಿನ ಕಪ್ಪಿನ ಪಂದ್ಯಗಳು. ಇಬ್ಬಿಬ್ಬರು ಎದುರುಬದುರಾಗಿ ಆಡಬೇಕು. ಒಂದು ಕುಳಿಯಲ್ಲಿ ಯಾರು ಕಡಿಮೆ ಹೊಡೆತದಲ್ಲಿ ಚೆಂಡು ಹಾಕುತ್ತಾರೋ ಆ ಕುಳಿ ಅವರದು. ಹೊಸಬರಿಗೆ ಕೆಲವು ಕುಳಿಗಳಲ್ಲಿ ಒಂದೊಂದು ಹೊಡೆತದ ರಿಯಾಯಿತಿ. ರಂಗಸ್ವಾಮಿ ಹೆಸರು ಕೊಟ್ಟಾಗ ಸ್ಕೋರ್ ಬೋರ್ಡು ಯಾರು ನೋಡಿಕೊಳ್ಳುತ್ತಾರೆ ಎಂದು ಹರ್ಷವರ್ಧನ್ ನಿಜವಾದ ಚಿಂತೆಯಿಂದಲೇ ಕೇಳಿದ. ಮೊದಲ ಸುತ್ತಿನಲ್ಲಿ ಚನ್ನರಾಯಪಟ್ಟಣದ ದಂತವೈದ್ಯರೊಬ್ಬರು ರಂಗಸ್ವಾಮಿಗೆ ಸೋತರು. ಆಮೇಲೆ ಅರಕಲಗೂಡಿನ ತಂಬಾಕಿನ ವ್ಯಾಪಾರಿ ಸೋತರು. ಆಮೇಲೆ ಇನ್ನೊಬ್ಬರು. ಕೊನೆಗೆ ಉಳಿದವರು ಇಬ್ಬರು: ರಂಗಸ್ವಾಮಿ, ಮತ್ತು ರಸ್ತೆ ಕಂಟ್ರಾಕ್ಟರ್, ಕ್ಲಬ್ಬಿನ ಕ್ಯಾಪ್ಟನ್, ಅಲ್ಲಿನ ಅತ್ಯುತ್ತಮ ಆಟಗಾರ ಹರ್ಷವರ್ಧನ್.

ಫೈನಲ್ಲಿನ ದಿನ ಗೇಟು ಎಲ್ಲರಿಗೂ ತೆರೆದಿತ್ತು. ದ್ಯಾವಯ್ಯ ಒಗೆದ ಪಂಚೆ ಉಟ್ಟು, ಹೆಗಲಿಗೆ ಟವೆಲು ಹಾಕಿಕೊಂಡು ಬಸ್ಸಿನಲ್ಲಿ ಬಂದ. “ನಿಮ್ಮವ್ವ ಬರಲ್ಲ ಅಂದ್ಳು. ಗೆದ್ರೆ ಪೋನ್ ಮಾಡ್ಬೇಕಂತೆ” ಎಂದ.

ಆಟ ಶುರುವಾಗುವ ಮುಂಚೆ ಹರ್ಷವರ್ಧನ್ ರಂಗಸ್ವಾಮಿಯ ಕೋಲೊಂದನ್ನು ಎತ್ತಿ ಹಿಡಿದು ನೋಡಿದ. “ಏನ್ ರಂಗಣ್ಣ ಇದು, ಎಲ್ಲ ಸೊಟ್ಟ ಇದೆ. ಹೀಗೆ ಬಾಗಿಸಿರೋದ್ರಲ್ಲಿ ಆಡಬಹುದಾ?” ಸುತ್ತ ನಿಂತಿದ್ದವರು ಹತ್ತಿರ ಬಂದರು. ಶಾಂತಿ ಒಂದು ಹೆಜ್ಜೆ ಮುಂದೆ ಬಂದಳು. ನಿಯಮ ಅವಳಿಗೆ ಗೊತ್ತಿತ್ತು. ಆದರೆ ಅವಳ ಮಾತು ಇಲ್ಲಿ ನಡೆಯಬೇಕಲ್ಲ.

ಮೈಸೂರಿನಿಂದ ಬಂದಿದ್ದ ರೆಫರಿ ಕಮಲಾಕ್ಷಮ್ಮ ಕನ್ನಡಕ ಏರಿಸಿ ಪ್ರತಿಯೊಂದು ಕೋಲನ್ನೂ ತಿರುಗಿಸಿ ನೋಡಿದರು. ಉದ್ದ ಅಳೆದರು. ಹೊಡೆಯುವ ಮುಖದ ಗೀರುಗಳನ್ನು ಉಗುರಿನಿಂದ ಸವರಿದರು. “ಯಾರು ಮಾಡಿದ್ದು?”

“ನಾನು ಮೇಡಂ” ಎಂದಳು ಶಾಂತಿ.

“ಒಳ್ಳೆ ಕೆಲಸ.” ಹರ್ಷವರ್ಧನ್ ಕಡೆ ತಿರುಗಿ, “ಇದು ನಿಯಮದಲ್ಲೇ ಇದೆ. ಆಟ ಶುರುವಾದ ಮೇಲೆ ಬಗ್ಗಿಸೋ ಹಾಗಿಲ್ಲ, ಅಷ್ಟೆ. ನಿಮ್ಮ ಕೋಲನ್ನೂ ಫ್ಯಾಕ್ಟರೀಲಿ ಯಾರದೋ ಅಳತೆಗೆ ಹೀಗೇ ಮಾಡಿರ್ತಾರೆ. ಇವರದು ಇವರ ಅಳತೆಗೆ ಇದೆ” ಎಂದರು.

“ಸರಿ ಮೇಡಂ. ಕೇಳಿದ್ದರಲ್ಲಿ ತಪ್ಪಿಲ್ಲವಲ್ಲ.”

“ಕೇಳಿದ್ದು ಸರಿಯೇ” ಎಂದರು ಕಮಲಾಕ್ಷಮ್ಮ. ಆಮೇಲೆ ಶಾಂತಿಗೆ, “ಇನ್ನು ನೀವು ಒಂದು ಮಾತೂ ಹೇಳೋ ಹಾಗಿಲ್ಲ, ಸನ್ನೆನೂ ಇಲ್ಲ. ಹಗ್ಗದ ಆಚೆ” ಎಂದರು.

ಹಗ್ಗದ ಆಚೆ ಶಾಂತಿ ಅಪ್ಪನ ಪಕ್ಕ ನಿಂತಳು. ಬಾಯಿ ಮುಚ್ಚಿಕೊಂಡು ಕೋಚ್ ಆಗಿರುವುದು ಎಷ್ಟು ಕಷ್ಟ ಎಂದು ಅವಳಿಗೆ ಅಂದು ತಿಳಿಯಿತು. ಹರ್ಷವರ್ಧನ್ ದೂರ ಹೊಡೆಯುತ್ತಿದ್ದ. ರಂಗಸ್ವಾಮಿ ನೇರ ಹೊಡೆಯುತ್ತಿದ್ದರು. ಅವನು ಎರಡು ಕುಳಿ ಮುಂದೆ ಹೋದ, ಇವರು ಒಂದು ಹಿಂದಕ್ಕೆ ಎಳೆದರು. ಅವನ ಚೆಂಡು ಒಮ್ಮೆ ಹಿನ್ನೀರಿಗೆ ಬಿದ್ದಾಗ ಸರಿಸಮವಾಯಿತು. ಚೀಲ ಹೊತ್ತು ನಡೆಯುತ್ತಿದ್ದ ಅರುಣ್‌ಕುಮಾರ್ ಬೆವತುಹೋಗಿದ್ದ. ಅವನ ದೊಡ್ಡಪ್ಪ ಮಾತ್ರ ಮೂಟೆ ಎಳೆಯುವ ಹದದಲ್ಲೇ ಇದ್ದರು. ಇಳಿಯುವುದು, ಏಳುವುದು.

ಕೊನೆಯ ಕುಳಿಗೆ ಬಂದಾಗಲೂ ಸರಿಸಮ. ಅದು ಕ್ಲಬ್ಬಿನ ಕಟ್ಟಡದ ಮುಂದೆ, ಕಡಿದಾದ ಏರಿನ ತುದಿಯಲ್ಲಿದೆ. ರಿಯಾಯಿತಿ ಅಲ್ಲಿ ಇಲ್ಲ. ಎರಡು ಹೊಡೆತದಲ್ಲಿ ಹರ್ಷವರ್ಧನ್ ಏರು ಹತ್ತಿ ಕುಳಿಯ ಸುತ್ತಲಿನ ನುಣುಪು ಹುಲ್ಲಿನ ಅಂಚಿಗೆ ತಲುಪಿದ್ದ. ರಂಗಸ್ವಾಮಿಯ ಎರಡನೆಯ ಚೆಂಡು ಏರಿನ ಮಧ್ಯದಲ್ಲಿ ನಿಂತಿತು.

ಅವರು ಅಲ್ಲಿಗೆ ಹೋಗಿ ಚೆಂಡಿನ ಮುಂದೆ ನಿಂತಾಗ ಶಾಂತಿ ಅವರ ಕಾಲ ಕೆಳಗಿನ ನೆಲ ನೋಡಿದಳು. ಗುರಿಗೆ ಪಕ್ಕೆ ಕೊಟ್ಟು ನಿಂತ ಅವರಿಗೆ ಕುಳಿ ಇರುವುದು ಎಡಗಡೆ ಮೇಲಕ್ಕೆ. ಹಾಗಾಗಿ ಅವರ ಎಡಗಾಲಿನ ಕೆಳಗೆ ನೆಲವೇ ಎತ್ತರವಿತ್ತು. ಗಿಡ್ಡ ಕಾಲನ್ನು ನೆಲ ಕೈಚಾಚಿ ಎತ್ತಿ ಹಿಡಿದ ಹಾಗೆ. ರಂಗಸ್ವಾಮಿ ನೆಟ್ಟಗೆ ನಿಂತಿದ್ದರು. ಬೂಟಿಲ್ಲದೆ, ಯಾವ ಆಸರೆಯೂ ಇಲ್ಲದೆ, ಸೊಂಟ ಭುಜ ಎಲ್ಲವೂ ಒಂದೇ ಮಟ್ಟದಲ್ಲಿ. ನೋಡುತ್ತಿದ್ದವರಿಗೆ ಅದು ಚಂದ ಕಂಡಿರಬೇಕು. ಆದರೆ ಆ ಕೋಲುಗಳನ್ನು ಅವಳು ಬಾಗಿಸಿದ್ದು ಇಳಿಯುವ ಮೈಗೆ. ನೆಟ್ಟಗೆ ನಿಂತು ಹೊಡೆದರೆ ಕೈ ಮೇಲೆ ಉಳಿಯುತ್ತದೆ, ಕೋಲಿನ ತುದಿ ನೆಲಕ್ಕೆ ಕಚ್ಚುತ್ತದೆ, ಚೆಂಡು ಬಲಕ್ಕೆ ಸಿಡಿದು ಮರಳುಗುಂಡಿಗೆ ಬೀಳುತ್ತದೆ. ಇಂಥ ಏರಿನಲ್ಲಿ ಅವರಿಗೆ ಹೊಡೆಸಿ ಕಲಿಸಿಯೇ ಇರಲಿಲ್ಲ. ಅವಳ ಜಾಗವೆಲ್ಲ ಸಮತಟ್ಟು. ಕೂಗಿ ಹೇಳಬೇಕೆನ್ನಿಸಿತು. ಎರಡೂ ಕೈಯಿಂದ ಹಗ್ಗವನ್ನು ಹಿಡಿದುಕೊಂಡು ನಿಂತಳು.

ರಂಗಸ್ವಾಮಿ ಕೋಲನ್ನು ಚೆಂಡಿನ ಹಿಂದೆ ಇಟ್ಟರು. ಎತ್ತಿದರು. ನಿಲ್ಲಿಸಿದರು. ಹಿಂದಕ್ಕೆ ಸರಿದು, ತಮ್ಮ ಕಾಲುಗಳನ್ನೇ ನೋಡಿಕೊಂಡರು. ಮತ್ತೆ ಬಂದು ನಿಂತು, ಗಾಳಿಯಲ್ಲಿ ಒಮ್ಮೆ ಬೀಸಿ, ತಲೆಯಾಡಿಸಿ ಇಲ್ಲವೆಂದರು. ಆಮೇಲೆ ಮೆಲ್ಲಗೆ ಎಡಮಂಡಿಯನ್ನು ಮಡಿಸಿದರು. ಮೈ ಎಡಕ್ಕೆ ಇಳಿಯಿತು, ಅವರ ಮಾಮೂಲಿ ಇಳಿತಕ್ಕೆ ಬಂದು ನಿಂತಿತು. ಬೀಸಿದರು.

ಚೆಂಡು ಎತ್ತರಕ್ಕೆ ಎದ್ದು, ಏರಿನ ಮೇಲೆ ಮರೆಯಾಯಿತು. ಕ್ಲಬ್ಬಿನ ಜಗಲಿಯ ಮೇಲಿದ್ದವರೆಲ್ಲ ಒಟ್ಟಿಗೆ ಎದ್ದು ನಿಂತರು. ಅದು ಎಲ್ಲಿ ಬಿದ್ದಿತೆಂದು ಕೆಳಗಿದ್ದವರಿಗೆ ಆಗಲೇ ತಿಳಿಯಿತು. ಕುಳಿಯಿಂದ ಒಂದು ತೋಳಿನಷ್ಟು ದೂರ.

ಹರ್ಷವರ್ಧನ್‌ಗೆ ಈಗ ಚೆಂಡನ್ನು ಅಂಚಿನಿಂದ ನೇರವಾಗಿ ಕುಳಿಗೇ ಕಳಿಸುವ ಆಸೆ. ಸ್ವಲ್ಪ ಜೋರಾಗಿ ಹೊಡೆದ. ಚೆಂಡು ಕುಳಿಯ ಪಕ್ಕದಲ್ಲೇ ಹಾದು ಆಚೆಗೆ ಉರುಳಿತು. ಅಲ್ಲಿಂದ ವಾಪಸು ಹೊಡೆದದ್ದು ಕುಳಿಯ ಬಾಯಿಯನ್ನು ಸವರಿ ನಿಂತಿತು. ರಂಗಸ್ವಾಮಿ ಹೋಗಿ ತಮ್ಮ ಚೆಂಡನ್ನು ಮೆಲ್ಲಗೆ ಉರುಳಿಸಿದರು. ಮಕ್ಕಳೂ ಮಾಡುವ ಹೊಡೆತ. ಚೆಂಡು ಒಳಗೆ ಬಿದ್ದ ಶಬ್ದ ಹಗ್ಗದ ತನಕ ಕೇಳಿಸಿತು.

ಹರ್ಷವರ್ಧನ್ ಟೋಪಿ ತೆಗೆದು, ಕೈಕುಲುಕಿ, ಆಮೇಲೆ ತಬ್ಬಿಕೊಂಡ. “ಮುಂದಿನ ಸಲ ಸ್ಕೋರ್ ಬೋರ್ಡು ನಾನೇ ನೋಡ್ಕೋತೀನಿ ರಂಗಣ್ಣ” ಎಂದ. ಜನ ಚಪ್ಪಾಳೆ ತಟ್ಟುತ್ತಲೇ ಇದ್ದರು. ರಂಗಸ್ವಾಮಿ ಅವರೆಲ್ಲರ ನಡುವಿನಿಂದ ಬಿಡಿಸಿಕೊಂಡು ಹಗ್ಗದ ಹತ್ತಿರ ಬಂದರು.

“ನೆಟ್ಗೆ ನಿಂತಿದ್ದೆ, ಮೇಷ್ಟ್ರೇ, ನೋಡುದ್ರಾ? ಜೀವಮಾನದಲ್ಲಿ ಮೊದ್ಲ್ನೇ ಸಲ. ಬಲು ಚೆಂದಾಗಿತ್ತು. ಆದ್ರೆ ನಿಮ್ ಕೋಲಿಗೆ ಅದು ಸರಿ ಓಗ್ಲಿಲ್ಲ.”

“ನೋಡಿದೆ” ಎಂದಳು ಶಾಂತಿ. “ಅದನ್ನ ನಾನು ಹೇಳಿಕೊಟ್ಟಿರಲಿಲ್ಲ.”

ದ್ಯಾವಯ್ಯ ಆಗಲೇ ಒಂದು ಬದಿಗೆ ಹೋಗಿ ಫೋನಿನಲ್ಲಿ ಜೋರಾಗಿ ಮಾತಾಡುತ್ತಿದ್ದ.

ಕಪ್ಪು ಕೊಡುವಾಗ ಕ್ಲಬ್ಬಿನಲ್ಲಿ ಒಂದು ಪದ್ಧತಿ. ಗೆದ್ದವರು ತಮಗೆ ಬೇಕಾದ ಒಬ್ಬ ಅತಿಥಿಯನ್ನು ಮುಂದಿನ ಭಾನುವಾರ ಕ್ಯಾಪ್ಟನ್ ಜೊತೆ ಆಡಲು ಕರೆಯಬಹುದು. ಸಾಮಾನ್ಯವಾಗಿ ಯಾವುದಾದರೂ ಅಧಿಕಾರಿಯನ್ನು ಕರೆಯುತ್ತಿದ್ದರು. ರಂಗಸ್ವಾಮಿ ಮೈಕಿನ ಮುಂದೆ ನಿಂತು ಗಂಟಲು ಸರಿಮಾಡಿಕೊಂಡರು.

“ನನ್ ಅತಿಥಿ ಶಾಂತಿ ಅಂತ. ನಮ್ಮೂರ ದ್ಯಾವಯ್ಯನೋರ ಮಗಳು. ನಂಗೆ ಮೇಷ್ಟ್ರು. ಈ ಬೇಲಿ ಆಚೆ ನಿಂತ್ಕಂಡು ನಂಗೆ ಆಟ ಕಲ್ಸುದ್ರು. ಇನ್ಮೇಲೆ ಅವ್ರು ಬೇಲಿ ಆಚೆ ನಿಲ್ಲಾದ್ ನಂಗೆ ನೋಡಕ್ಕಾಗಲ್ಲ.”

ಮೊದಲು ಚಪ್ಪಾಳೆ ತಟ್ಟಿದವರು ಕಮಲಾಕ್ಷಮ್ಮ. ಆಮೇಲೆ ಹರ್ಷವರ್ಧನ್. ಆಮೇಲೆ ಉಳಿದವರು. ‘ದ್ಯಾವಯ್ಯನೋರು’ ಎಂಬ ಮಾತು ಮೈಕಿನಲ್ಲಿ ಬಂದದ್ದೇ ದ್ಯಾವಯ್ಯ ಟವೆಲನ್ನು ಹೆಗಲಿನಿಂದ ತೆಗೆದು, ಕೊಡವಿ, ಮತ್ತೆ ಹೆಗಲಿಗೇ ಹಾಕಿಕೊಂಡು ನೆಟ್ಟಗೆ ಕೂತ.

ಮುಂದಿನ ಭಾನುವಾರ ಶಾಂತಿ ತನ್ನ ಕೋಲುಗಳನ್ನು ಹೊತ್ತು ಗೇಟಿನಲ್ಲಿ ಒಳಗೆ ಬಂದಳು. ಎರಡು ವರ್ಷ ದಿನಾ ನೋಡಿದ ಹುಲ್ಲಿನ ಮೇಲೆ ಮೊದಲ ಸಲ ಆಟಗಾರ್ತಿಯಾಗಿ ಕಾಲಿಟ್ಟಳು. ಇಬ್ಬನಿ ಇನ್ನೂ ಆರಿರಲಿಲ್ಲ. ಹರ್ಷವರ್ಧನ್, ರಂಗಸ್ವಾಮಿ, ಅರುಣ್‌ಕುಮಾರ್ ಮತ್ತು ಅವಳು. ಹಿಂದೆ ದ್ಯಾವಯ್ಯ. ಅವನ ಹಿಂದೆ, ಹೊಸ ಸೀರೆಯಲ್ಲಿ, ಹುಲ್ಲಿಗೆ ನೋವಾಗಬಾರದೆಂಬಂತೆ ಹೆಜ್ಜೆಯಿಡುತ್ತಾ ತಾಯಿ ದೊಡ್ಡಮ್ಮ.

ಮೂರನೆಯ ಕುಳಿಯಲ್ಲಿ ಹಿನ್ನೀರಿನ ಒಂದು ತೋಳು ಮೈದಾನದೊಳಕ್ಕೆ ಚಾಚಿಕೊಂಡಿದೆ. ಎಲ್ಲರೂ ನೀರನ್ನು ಸುತ್ತು ಬಳಸಿ ಬಲಗಡೆಯಿಂದ ಹೊಡೆಯುತ್ತಾರೆ. ಹರ್ಷವರ್ಧನ್ ಹಾಗೆಯೇ ಹೊಡೆದ. ಅರುಣ್‌ಕುಮಾರ್ ಹೊಡೆದ. ರಂಗಸ್ವಾಮಿಯೂ ಪಾಠ ಹೇಳಿಸಿಕೊಂಡ ಹಾಗೆ ಬಲಕ್ಕೇ ಹೊಡೆದರು. ಶಾಂತಿ ಚೆಂಡನ್ನು ಇಟ್ಟು, ನೀರಿನ ಕಡೆಗೇ ಗುರಿಯಿಟ್ಟು ನಿಂತಳು.

“ಆ ಕಡೆಯಿಂದ ಇದುವರೆಗೆ ಯಾರೂ ಹೊಡೆದಿಲ್ಲ” ಎಂದ ಹರ್ಷವರ್ಧನ್.

“ಗೊತ್ತು. ನೋಡಿದೀನಿ.”

“ಅವ್ರಿಗೆ ಬುಡ್ರಿ” ಎಂದರು ರಂಗಸ್ವಾಮಿ.

ಅವಳು ಬೀಸಿದಳು. ಚೆಂಡು ನೀರಿನ ಮೇಲೆ ಬಹಳ ಹೊತ್ತು ಹೋಯಿತು. ಹಿನ್ನೀರಿನ ಮೇಲಿದ್ದ ಬೆಳ್ಳಕ್ಕಿಗಳು ಏಳುವಷ್ಟು ಹೊತ್ತು. ಆಚೆ ದಡದ ಹುಲ್ಲಿನ ಮೇಲೆ ಬಿದ್ದು, ಎರಡು ಸಲ ಪುಟಿದು, ಕುಳಿಯಲ್ಲಿ ನೆಟ್ಟ ಬಾವುಟದ ಕಡೆಗೆ ಉರುಳುತ್ತಾ ಹೋಯಿತು. ಎಲ್ಲಿ ನಿಂತಿತೋ ಇಲ್ಲಿಂದ ಕಾಣುತ್ತಿರಲಿಲ್ಲ.

ದ್ಯಾವಯ್ಯ ಯಾರನ್ನೂ ಕೇಳದೆ ನೀರಿನ ಬದಿ ಹಿಡಿದು ಸರಸರ ನಡೆಯತೊಡಗಿದ. ಪಂಚೆ ಎತ್ತಿ ಕಟ್ಟಿಕೊಂಡು ಆಚೆ ದಡ ಹತ್ತಿದ. ಬಾವುಟದ ಹತ್ತಿರ ಹೋಗಿ ಬಗ್ಗಿ ಕುಳಿಯೊಳಗೆ ನೋಡಿದ. ಆಮೇಲೆ ಈ ಕಡೆ ತಿರುಗಿ, ಟವೆಲನ್ನು ತಲೆಯ ಮೇಲೆ ಎತ್ತಿ ಬೀಸತೊಡಗಿದ. ಇಲ್ಲಿಂದ ದೊಡ್ಡಮ್ಮನೂ ಸೆರಗನ್ನು ಎತ್ತಿ ಬೀಸಿದಳು.